ಓಟರ್ ಲಿಸ್ಟಿಗೆ ಆನ್‌ಲೈನಲ್ಲಿ ಅರ್ಜಿ ಹಾಕೋದು ನಿಜವಾಗ್ಲೂ ಸುಲಭಾನಾ, ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೈಗೆ ಪೇಪರ್ ಕೊಡೋದೇ ವಾಸಿನಾ?

ಕೊಬ್ಬರಿಮಿಠಾಯಿ:
ಎಲ್ರಿಗೂ ನಮಸ್ಕಾರ. ನಂದು ತಿಪಟೂರು ಕಡೆ ಒಂದು ಹಳ್ಳಿ, ಬೆಂಗಳೂರಿಗೆ ಬಂದು 9 ವರ್ಷ ಆಯ್ತು, ಓಟು ಮಾತ್ರ ಇನ್ನೂ ಊರಲ್ಲೇ ಇದೆ. 2023ರ ಅಸೆಂಬ್ಲಿಗೆ ರಾತ್ರಿ ಬಸ್ಸಲ್ಲಿ ನಿಂತ್ಕೊಂಡೇ ಹೋಗಿ ಹಾಕ್ಬಂದೆ, 2024ರಲ್ಲಿ ಆಫೀಸಲ್ಲಿ ರಿಲೀಸ್ ಅಂತ ಕೂರಿಸ್ಕೊಂಡ್ರು ಹೋಗಕ್ಕಾಗ್ಲಿಲ್ಲ. ಸಾಕಪ್ಪ ಈ ಓಡಾಟ ಅಂತ ಇಲ್ಲಿಗೇ ವರ್ಗಾಯಿಸ್ಕೊಳೋಣ ಅಂದ್ಕೊಂಡೆ.

ಆನ್‌ಲೈನಲ್ಲಿ ಎರಡು ಸಲ ಟ್ರೈ ಮಾಡ್ದೆ. ಮೊದಲ ಸಲ ಹೊಸ ಓಟರ್ ಅಂತ ಫಾರ್ಮ್ 6 ತುಂಬಿಸ್ಬಿಟ್ಟೆ, ರಿಜೆಕ್ಟ್. ಆಮೇಲೆ ಯಾರೋ ಹೇಳಿದ್ರು ಫಾರ್ಮ್ 8 ಅಂತ, ಅದನ್ನೂ ಹಾಕ್ದೆ, ಬಾಡಿಗೆ ಅಗ್ರಿಮೆಂಟ್ ಸ್ಕ್ಯಾನ್ ಮಾಡಿ ಹಾಕ್ದೆ, ರೆಫರೆನ್ಸ್ ನಂಬರ್ ಬಂತು, ಖುಷಿಯಾಯ್ತು. ಒಂದು ತಿಂಗಳಾದ್ಮೇಲೆ ನೋಡಿದ್ರೆ ಅದೂ ರಿಜೆಕ್ಟ್, ಅರ್ಜಿದಾರರು ವಿಳಾಸದಲ್ಲಿ ಸಿಗಲಿಲ್ಲ ಅಂತ. ಮನೇಲೇ ಇರ್ತೀನಿ ಕಣ್ರಿ ನಾನು, ವಾರದಲ್ಲಿ ಮೂರು ದಿನ ವರ್ಕ್ ಫ್ರಮ್ ಹೋಮ್!

ಎಲ್ಲಾ ಆನ್‌ಲೈನ್ ಅಂತಾರೆ, ಕೊನೆಗೆ ಯಾರೋ ಬಂದು ಬಾಗಿಲು ಬಡೀಬೇಕು ಅಂದ್ರೆ ಆನ್‌ಲೈನ್ ಯಾಕ್ ಬೇಕು? ಮೂರನೇ ಸಲ ಆನ್‌ಲೈನಲ್ಲೇ ಹಾಕ್ಲಾ, ಪೇಪರ್ ಹಿಡ್ಕೊಂಡು ಹೋಗ್ಲಾ? ಅಂದ್ಹಾಗೆ ತಂಗಿಗೆ ಬರೋ ಫೆಬ್ರವರಿಗೆ 18 ತುಂಬತ್ತೆ, ಅವಳದ್ದು ಯಾವಾಗ ಹಾಕ್ಬೇಕು ಅಂತಾನೂ ಗೊತ್ತಿದ್ದೋರು ಹೇಳಿ.

ಮಿರ್ಚಿಬಜ್ಜಿ:
ಊರಲ್ಲೇ ಇರ್ಲಿ ಬಿಡಿ ಗುರು, ಓಟಿನ ನೆಪದಲ್ಲಾದ್ರೂ ಅಮ್ಮನ ಕೈ ಊಟ ಸಿಗತ್ತೆ.

ಮೆಜೆಸ್ಟಿಕ್_ನಿತ್ಯಯಾತ್ರಿ:
ಎರಡು ತಪ್ಪು ಆಗಿದೆ ನಿಮ್ದು. ಒಂದು, ಫಾರ್ಮ್ 6 ಅನ್ನೋದು ಎಲ್ಲೂ ಹೆಸರೇ ಇಲ್ಲದೋರಿಗೆ. 2022ರ ಆಗಸ್ಟಿಗಿಂತ ಮುಂಚೆ ಬೇರೆ ಕ್ಷೇತ್ರಕ್ಕೆ ಹೋದ್ರೂ ಫಾರ್ಮ್ 6ನೇ ಹಾಕ್ಬೇಕಿತ್ತು, ಅದೇ ಕ್ಷೇತ್ರದೊಳಗಾದ್ರೆ 8ಎ, ಕಾರ್ಡ್ ಕಳ್ದೋದ್ರೆ ಇನ್ನೊಂದು ಅಂತೆಲ್ಲಾ ಇತ್ತು, ಈಗ ವಿಳಾಸ ಬದಲಾವಣೆ, ತಿದ್ದುಪಡಿ, ಡೂಪ್ಲಿಕೇಟ್ ಕಾರ್ಡು ಎಲ್ಲಾ ಫಾರ್ಮ್ 8ಕ್ಕೇ ಸೇರಿಸಿದಾರೆ. ನಮ್ಮ ಜನ ಇನ್ನೂ ಹಳೇ ಯೂಟ್ಯೂಬ್ ವಿಡಿಯೋ ನೋಡ್ಕೊಂಡು 6 ಹಾಕ್ತಾರೆ. ಅದ್ರಲ್ಲಿ "ನನ್ನ ಹೆಸರು ಬೇರೆಲ್ಲೂ ಇಲ್ಲ" ಅಂತ ಘೋಷಣೆ ಇರತ್ತೆ, ಸುಳ್ಳು ಘೋಷಣೆ ಕೊಟ್ರೆ 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆ ಸೆಕ್ಷನ್ 31ರಲ್ಲಿ ಒಂದು ವರ್ಷದ ತನಕ ಜೈಲು ಅಂತ ಇದೆ.

ಎರಡನೇದು ನಿಮ್ಮ ಅಗ್ರಿಮೆಂಟು. ಬೆಂಗಳೂರಲ್ಲಿ ಎಲ್ರೂ ಮಾಡ್ಸೋದು 11 ತಿಂಗಳಿನ ನೋಟರಿ ಅಗ್ರಿಮೆಂಟು. ಅವ್ರು ಕೇಳೋದು ರಿಜಿಸ್ಟರ್ ಆಗಿರೋ ಬಾಡಿಗೆ ಕರಾರು. ನಿಮ್ದು ನಡೆಯಲ್ಲ. ವಿಳಾಸ ಬದಲಾಗಿರೋ ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬಿಲ್ಲು ಇವುಗಳಲ್ಲಿ ಏನಾದ್ರೂ ಇದ್ರೆ ಅದನ್ನ ಹಾಕಿ.

ತಂಗೀದು ಈಗ್ಲೇ ಹಾಕ್ಬೋದು. ಮುಂಚೆ ಜನವರಿ 1ಕ್ಕೆ 18 ಆಗಿರ್ಬೇಕಿತ್ತು, ಇಲ್ದಿದ್ರೆ ಮುಂದಿನ ವರ್ಷ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ ಮೊದಲ ತಾರೀಖು ಲೆಕ್ಕಕ್ಕೆ ಬರತ್ತೆ, 17 ದಾಟಿದ್ರೆ ಮುಂಗಡ ಅರ್ಜಿ ಕೊಡ್ಬೋದು. ಅವಳಿಗೆ ಏಪ್ರಿಲ್ 1.

ಕೊಬ್ಬರಿಮಿಠಾಯಿ:
ಅಯ್ಯೋ ಜೈಲಾ??

ಮೆಜೆಸ್ಟಿಕ್_ನಿತ್ಯಯಾತ್ರಿ:
ಗೊತ್ತಿಲ್ದೆ ಹಾಕಿದ್ರಿ, ರಿಜೆಕ್ಟೂ ಆಯ್ತು, ನಿದ್ದೆ ಮಾಡಿ. ಇನ್ನೊಂದ್ಸಲ ಹಾಕ್ಬೇಡಿ ಅಷ್ಟೇ.

ಪಿಜಿ_ಪಕ್ಷಿ:
ಬಾಡಿಗೆ ಅಗ್ರಿಮೆಂಟೇ ಇಲ್ದೋರ ಕಥೆ ಕೇಳಿ ಸ್ವಾಮಿ. ಪಿಜಿ ಓನರ್ ರಸೀದಿ ಕೂಡ ಕೊಡಲ್ಲ, ಕರೆಂಟ್ ಬಿಲ್ಲು ಕೇಳಿದ್ರೆ ನಾನೇನೋ ಆಸ್ತಿ ಬರ್ಸ್ಕೊಳಕ್ಕೆ ಬಂದಿರೋ ಥರ ನೋಡ್ತಾನೆ. ಆಧಾರಲ್ಲಿ ಅಡ್ರೆಸ್ ಚೇಂಜ್ ಮಾಡ್ಸಕ್ಕೂ ಪ್ರೂಫ್ ಬೇಕು. ಪ್ರೂಫಿಗೆ ಪ್ರೂಫು ಅದಕ್ಕೆ ಇನ್ನೊಂದು ಪ್ರೂಫು. ಬೆಂಗಳೂರಲ್ಲಿ ಓಟಿಂಗ್ ಶೇ. 54ರ ಆಸುಪಾಸಲ್ಲೇ ನಿಲ್ಲತ್ತೆ ಜನ ಸೋಂಬೇರಿಗಳು ಅಂತ ಪ್ರತಿ ಸಲ ಟೀವೀಲಿ ಬಯ್ತಾರಲ್ಲ, ಅದ್ರಲ್ಲಿ ನಮ್ಮಂಥೋರು ಎಷ್ಟು ಜನ ಅಂತ ಯಾರಾದ್ರೂ ಎಣಿಸಿದಾರಾ?

ಮಿರ್ಚಿಬಜ್ಜಿ:
ಅರ್ಧ ಜನ ಮಡಿಕೇರಿ ರೆಸಾರ್ಟಲ್ಲಿರ್ತಾರೆ ಅದನ್ನೂ ಎಣಿಸಿ 😄

ಕಾಫಿತೋಟದ_ಕಾವಲು:
ನಾವು ಅವರಿಗೆ ರೂಮ್ ಕೊಟ್ಟು, ಬೆಳಿಗ್ಗೆ 7ಕ್ಕೇ ಓಟು ಹಾಕ್ಬಂದು, ಆಮೇಲೆ ತಿಂಡಿ ಕೊಡ್ತೀವಿ. ಗೊತ್ತಿರ್ಲಿ.

ಪುಟಾಣಿಗಳ_ಟೀಚರ್:
ನಾನು ಅಂಗನವಾಡಿ ಕಾರ್ಯಕರ್ತೆ, ಬಿಎಲ್‌ಒ ಕೆಲಸಾನೂ ನಂದೇ. ಬೆಂಗಳೂರಲ್ಲ, ಇನ್ನೊಂದು ಜಿಲ್ಲಾ ಕೇಂದ್ರ. "ವಿಳಾಸದಲ್ಲಿ ಸಿಗಲಿಲ್ಲ" ಅಂತ ನಾವು ಯಾಕೆ ಬರೀತೀವಿ ಅಂತ ನಮ್ಮ ಕಡೆಯಿಂದ್ಲೂ ಸ್ವಲ್ಪ ಕೇಳಿ.

ನೀವು ಮೊಬೈಲಲ್ಲಿ ಸಬ್‌ಮಿಟ್ ಒತ್ತಿದ ತಕ್ಷಣ ಹೆಸರು ಸೇರ್ಬಿಡ್ತು ಅಂದ್ಕೋತೀರಿ. ಇಲ್ಲ. ಅದು ಇಆರ್‌ಒ (ಮತದಾರರ ನೋಂದಣಿ ಅಧಿಕಾರಿ) ಲಾಗಿನ್ನಿಗೆ ಹೋಗತ್ತೆ, ಅಲ್ಲಿಂದ ನಮ್ಮ ಬಿಎಲ್‌ಒ ಆ್ಯಪಿಗೆ ಬರತ್ತೆ, ನಾವು ಮನೆಗೆ ಹೋಗಿ ನೋಡಿ ರಿಪೋರ್ಟ್ ಹಾಕ್ಬೇಕು. ಅಡ್ರೆಸ್ ಹೇಗಿರತ್ತೆ ಗೊತ್ತಾ? "3ನೇ ಕ್ರಾಸ್, ಗಣೇಶ ದೇವಸ್ಥಾನದ ಹತ್ತಿರ". ಮನೆ ನಂಬರಿಲ್ಲ. ನಮ್ಮ ಏರಿಯಾದಲ್ಲಿ ಗಣೇಶನ ಗುಡಿ ಐದಿದಾವೆ. ಫೋನ್ ಮಾಡಿದ್ರೆ ಎತ್ತಲ್ಲ, ಅನ್‌ನೋನ್ ನಂಬರು, ಲೋನ್ ಬೇಕಾ ಅಂತ ಕೇಳೋರು ಅಂದ್ಕೊಂಡು ಕಟ್ ಮಾಡ್ತೀರಿ. ಅಪಾರ್ಟ್‌ಮೆಂಟಿಗೆ ಹೋದ್ರೆ ಸೆಕ್ಯೂರಿಟಿ ಒಳಗೇ ಬಿಡಲ್ಲ, ಆ್ಯಪಲ್ಲಿ ಅಪ್ರೂವಲ್ ಬೇಕು ಮೇಡಂ ಅಂತಾನೆ. ಐಡಿ ಕಾರ್ಡ್ ತೋರಿಸಿದ್ರೂ ಅಷ್ಟೇ. ಒಂದ್ಸಲ ಗೇಟಲ್ಲಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದೀನಿ.

ಬೆಳಿಗ್ಗೆ ಮಕ್ಕಳು, ಅಡುಗೆ, ತೂಕ ನೋಡೋದು, ಪೋಷಣ್ ಆ್ಯಪಲ್ಲಿ ಫೋಟೋ ಹಾಕೋದು. ಸಂಜೆ ಈ ಕೆಲಸ. ಇದಕ್ಕೆ ಗೌರವಧನ ವರ್ಷಕ್ಕೆ, ತಿಂಗಳಿಗಲ್ಲ ವರ್ಷಕ್ಕೆ, 6 ಸಾವಿರ ಇತ್ತು, 2025ರಲ್ಲಿ 12 ಸಾವಿರ ಮಾಡಿದಾರೆ.

ಆನ್‌ಲೈನ್ ಬಂದಿದ್ರಿಂದ ನಮಗೆ ಒಳ್ಳೇದೇನಿಲ್ಲ ಅಂತಲ್ಲ. ಮುಂಚೆ ನಿಮ್ಮ ಕೈಬರಹ ಓದಿ ಇನ್ಯಾರೋ ಡೇಟಾ ಎಂಟ್ರಿ ಮಾಡಿ ಅಪ್ಪನ ಹೆಸರು ಗಂಡನ ಹೆಸರಾಗಿ ಬರ್ತಿತ್ತು, ಈಗ ತಪ್ಪಾದ್ರೆ ನಿಮ್ದೇ ತಪ್ಪು. 😊 ಅರ್ಜಿ ಎಲ್ಲಿದೆ ಅಂತ ನೀವೇ ನೋಡ್ಬೋದು, ನಾನು ಪೇಪರ್ ಕಳೆದ್ಹಾಕ್ದೆ ಅಂತ ಯಾರೂ ಹೇಳಂಗಿಲ್ಲ. ಆದ್ರೆ ಫೋನ್ ಎತ್ತಿ ದಯವಿಟ್ಟು.

ಕೊಬ್ಬರಿಮಿಠಾಯಿ:
ಮೇಡಂ ಕ್ಷಮಿಸಿ. ಕಾಲ್ ಲಾಗ್ ನೋಡ್ದೆ, ಆ ವಾರ ಒಂದೇ ನಂಬರಿಂದ ಮೂರು ಮಿಸ್ಡ್ ಕಾಲ್ ಇದೆ. ಸ್ಪ್ಯಾಮ್ ಅಂತ ಬ್ಲಾಕ್ ಬೇರೆ ಮಾಡಿದೀನಿ.

ಮಿರ್ಚಿಬಜ್ಜಿ:
ಪ್ರಜಾಪ್ರಭುತ್ವಾನೇ ಬ್ಲಾಕ್ ಮಾಡ್ದಂಗಾಯ್ತಲ್ಲ ಗುರು

ಚಾಮುಂಡಿಬೆಟ್ಟದ_ಮೆಟ್ಟಿಲು:
ಟೀಚರಮ್ಮ ಹೇಳಿದ್ದು ಸರಿ, ಆದ್ರೆ ಎಲ್ಲಾ ಬಿಎಲ್‌ಒಗಳೂ ನಿಮ್ಮಷ್ಟು ಶ್ರದ್ಧೆಯೋರಲ್ಲ. ನಮ್ಮ ಬೀದಿಲಿ ಮನೆಗೇ ಬರ್ದೆ ಅಂಗಡಿಯೋನ್ನ ಕೇಳ್ಕೊಂಡು "ಶಿಫ್ಟೆಡ್" ಅಂತ ಬರ್ಕೊಂಡು ಹೋದ ಪುಣ್ಯಾತ್ಮರೂ ಇದಾರೆ. ನಮ್ಮತ್ತೆ 40 ವರ್ಷದಿಂದ ಒಂದೇ ಮನೇಲಿದಾರೆ, ಓಟು ಹಾಕಕ್ಕೆ ಹೋದ್ರೆ ಲಿಸ್ಟಲ್ಲೇ ಇಲ್ಲ. ಕೈಲಿ ಕಾರ್ಡಿದೆ, ಹೆಸರಿಲ್ಲ. ಕಾರ್ಡಿದ್ರೆ ಓಟಿದೆ ಅಂತ ಬಹಳ ಜನ ನಂಬಿರ್ತಾರೆ, ಅದೇ ದೊಡ್ಡ ತಪ್ಪು ತಿಳುವಳಿಕೆ. ಕಾರ್ಡಿಲ್ದಿದ್ರೂ ಆಧಾರು, ಡಿಎಲ್ಲು, ಪಾಸ್‌ಪೋರ್ಟ್ ತೋರ್ಸಿ ಓಟು ಹಾಕ್ಬೋದು, ಲಿಸ್ಟಲ್ಲಿ ಹೆಸರಿಲ್ದಿದ್ರೆ ಚಿನ್ನದ ಕಾರ್ಡಿದ್ರೂ ಆಗಲ್ಲ.

ಆನ್‌ಲೈನಿನ ಅಸಲಿ ಲಾಭ ಅಂದ್ರೆ ಸೇರಿಸೋದಲ್ಲ, ಹುಡುಕೋದು. ಕೂತಲ್ಲೇ ಎಪಿಕ್ ನಂಬರ್ (ಓಟರ್ ಕಾರ್ಡ್ ನಂಬರ್) ಹಾಕಿ ನೋಡ್ಬೋದು ಹೆಸರಿದ್ಯೋ ಇಲ್ವೋ ಅಂತ. ನಾನು ಈಗ ಮೂರ್ನಾಲ್ಕು ತಿಂಗಳಿಗೊಮ್ಮೆ ಮನೆಯೋರೆಲ್ಲರದ್ದೂ ನೋಡ್ತೀನಿ, ಗ್ಯಾಸ್ ಬುಕ್ ಮಾಡೋ ಥರ.

ತೊಗರಿಬ್ಯಾಳಿ:
ಹುಡುಕೋದರ ಸುದ್ದಿ ಬಂತಲ್ರಿ ಅದಕ್ಕ ಹೇಳ್ತೀನಿ. ನಾ ಆಳಂದ ತಾಲೂಕಿನವ. ನಮ್ಮಲ್ಲಿ ಆಗಿದ್ದು ಯಾರೂ ತಗೀಲೇ ಇಲ್ಲಲ್ಲ ಇನ್ನಾ.

2023ರ ಎಲೆಕ್ಷನ್ನಿಗಿಂತ ಮೊದಲ ನಮ್ಮ ಕ್ಷೇತ್ರದಾಗ ಹೆಸರು ತಗೀರಿ ಅಂತ 6,018 ಅರ್ಜಿ ಆನ್‌ಲೈನ್‌ನಾಗ ಬಿದ್ದಿದ್ವು. ಫಾರ್ಮ್ 7. ಚೆಕ್ ಮಾಡಿದ್ರ ಅದರಾಗ ಖರೇ ಇದ್ದದ್ದು 24. ಬರೇ ಇಪ್ಪತ್ನಾಕ! ಉಳಿದ 5,994 ಮಂದಿ ಊರಾಗೇ ಅದಾರ, ಹೊಲಕ್ಕ ಹೋಗ್ತಾರ ಬರ್ತಾರ, ಅವರಿಗೆ ಗೊತ್ತೇ ಇಲ್ಲ ತಮ್ಮ ಹೆಸರು ತಗ್ಯಾಕ ಯಾರೋ ಅರ್ಜಿ ಕೊಟ್ಟಾರಂತ. ಇನ್ನೂ ಮಜಾ ಏನಂದ್ರ ಅರ್ಜಿ ಹಾಕಿದವರ ಹೆಸರೂ ಇದೇ ಊರಿನ ಮತದಾರರದು, ಅವರಿಗೂ ಗೊತ್ತಿಲ್ಲ. ಅವರ ಹೆಸರಿಲೆ ಇನ್ಯಾರೋ ಹಾಕ್ಯಾರ, ಮೊಬೈಲ್ ನಂಬರ್ ಬ್ಯಾರೆ ರಾಜ್ಯದ್ದು. ಹೆಂಗ ಸಿಕ್ಕಿಬಿತ್ತಂದ್ರ ಒಬ್ಬಾಕಿ ಬಿಎಲ್‌ಒ ತಮ್ಮ ಮನಿಯವರದೇ ಹೆಸರು ತಗೀರಿ ಅನ್ನೋ ಅರ್ಜಿ ನೋಡ್ಯಾಳ. ಅಲ್ಲಿಂದ ಸುರು ಆತು. ಫೆಬ್ರವರಿ 2023ರಾಗ ಎಫ್‌ಐಆರ್ ಆತು, ಸಿಐಡಿ ಬಂತು, 2025ರ ಸೆಪ್ಟೆಂಬರ್‌ನಾಗ ಎಸ್‌ಐಟಿ ಮಾಡ್ಯಾರ. ಒಂದೊಂದು ಅರ್ಜಿಗೆ 80 ರೂಪಾಯಿ ಕೊಟ್ಟು ಹಾಕಿಸ್ಯಾರಂತ ತನಿಖೆಯವರು ಹೇಳಿದ್ದು ಪೇಪರ್‌ನಾಗೂ ಬಂದಿತ್ತು.

ಈಗ ನೀವೇ ಲೆಕ್ಕ ಹಾಕ್ರಿ, 2018ರಾಗ ನಮ್ಮ ಕ್ಷೇತ್ರದಾಗ ಗೆದ್ದ ಅಂತರ 697 ಓಟು. ಆರು ಸಾವಿರ ಹೆಸರು ಹೋಗಿದ್ರ?

ಜಾವಾ_ಜೋಗಯ್ಯ:
6 ಸಾವಿರ ಓಟು ಡಿಲೀಟ್ ಮಾಡಿದ್ರು ಅಂತ ಎಲ್ಲಾ ಕಡೆ ಹೇಳ್ತಾರೆ, ತಪ್ಪು. ಅರ್ಜಿ ಬಿದ್ದಿತ್ತು, ಡಿಲೀಟ್ ಆಗ್ಲಿಲ್ಲ. ಚುನಾವಣಾ ಆಯೋಗ ಹೇಳಿದ್ದೂ ಅದೇ, ಆನ್‌ಲೈನಲ್ಲಿ ಯಾರೂ ನೇರವಾಗಿ ಹೆಸರು ತೆಗೆಯಕ್ಕಾಗಲ್ಲ, ನೋಟಿಸ್ ಕೊಟ್ಟು ವಿಚಾರಣೆ ಮಾಡೇ ತೆಗೀಬೇಕು ಅಂತ. ಸಿಸ್ಟಮ್ ಕೆಲಸ ಮಾಡ್ತು ಅಂತ ಅರ್ಥ ಅಲ್ವಾ?

ತೊಗರಿಬ್ಯಾಳಿ:
ನಾನೂ ಅರ್ಜಿ ಅಂತೇ ಬರ್ದೀನಲ್ರಿ, ಓದ್ರಿ ಮತ್ತೊಮ್ಮಿ. ಸಿಸ್ಟಮ್ ಅಲ್ಲ, ಕೆಲಸ ಮಾಡಿದ್ದು ಒಬ್ಬಾಕಿ ಹೆಣ್ಮಗಳು. ಆಕಿ ಮನಿಯವರ ಹೆಸರು ಆ ಆರು ಸಾವಿರದಾಗ ಇರ್ಲಿಲ್ಲಂದ್ರ?

ಜಾವಾ_ಜೋಗಯ್ಯ:
ಒಪ್ದೆ, ಅದೃಷ್ಟಾನೂ ಇತ್ತು. ನಾನು ಸಾಫ್ಟ್‌ವೇರಲ್ಲಿರೋನು, ನನಗೆ ಕಾಣ್ಸಿದ್ದು ಇಷ್ಟು: ಫಾರ್ಮ್ ತುಂಬಿಸಕ್ಕೆ ಆಗ ಬೇಕಿದ್ದಿದ್ದು ಯಾವ್ದೋ ಒಂದು ಮೊಬೈಲ್ ನಂಬರು, ಅದಕ್ಕೆ ಬರೋ ಓಟಿಪಿ. ನಂಬರ್ ನಿಮ್ದೇನಾ ಅಂತ ಓಟಿಪಿ ಹೇಳತ್ತೆ, ನೀವು ಯಾರು ಅಂತ ಹೇಳಲ್ಲ. ಫಾರ್ಮಲ್ಲಿ ಯಾರ ಹೆಸರು ಎಪಿಕ್ ನಂಬರ್ ಬೇಕಾದ್ರೂ ಹಾಕ್ಬೋದಿತ್ತು. ಪೇಪರಲ್ಲಿ ಆರು ಸಾವಿರ ಸುಳ್ಳು ಅರ್ಜಿ ಕೊಡ್ಬೇಕು ಅಂದ್ರೆ ಆರು ಸಾವಿರ ಸೈನ್ ಹಾಕ್ಬೇಕು, ಯಾರೋ ಒಬ್ಬ ಆಫೀಸಿಗೆ ಗೋಣಿಚೀಲ ಹೊತ್ಕೊಂಡು ಹೋಗ್ಬೇಕು, ಅಲ್ಲಿ ಕ್ಲರ್ಕ್ ಕೇಳ್ತಾನೆ ಏನಪ್ಪಾ ಇದು ಅಂತ. ಆನ್‌ಲೈನಲ್ಲಿ ಆ ಕ್ಲರ್ಕ್ ಇಲ್ಲ. ನಿಮಗೆ ಸುಲಭ ಆದ್ರೆ ಕಳ್ಳನಿಗೂ ಸುಲಭಾನೇ.

ಅದಕ್ಕೇ 2025ರ ಸೆಪ್ಟೆಂಬರಲ್ಲಿ ಇ-ಸೈನ್ ತಂದ್ರು. ಈಗ ಆನ್‌ಲೈನಲ್ಲಿ 6, 7, 8 ಯಾವ್ದೇ ಹಾಕಿದ್ರೂ ಆಧಾರಿಗೆ ಲಿಂಕ್ ಆಗಿರೋ ನಂಬರಿಗೆ ಓಟಿಪಿ ಬಂದು ಸೈನ್ ಆಗ್ಬೇಕು.

ಚಾಮುಂಡಿಬೆಟ್ಟದ_ಮೆಟ್ಟಿಲು:
ಕುದುರೆ ಹೋದ್ಮೇಲೆ ಲಾಯಕ್ಕೆ ಬೀಗ ಹಾಕಿದ್ರು ಅನ್ನಿ.

ಅಡಿಕೆ_ಹಾಳೆ:
ಇ-ಸೈನ್ ಒಳ್ಳೇದೇ ಮಾರಾಯ್ರೆ, ಆದ್ರೆ ನಮ್ಮ ಕಡೆ ಮುದುಕರ ಆಧಾರಿಗೆ ಇರುವುದು ಎಂತ ನಂಬರ್ ಅಂತ ಅವರಿಗೇ ಗೊತ್ತಿಲ್ಲ. ನನ್ನ ಮಾವನ ಆಧಾರಿಗೆ ಲಿಂಕ್ ಆಗಿರುವ ಸಿಮ್ಮು ಹತ್ತು ವರ್ಷ ಹಿಂದೆಯೇ ಹೋಯ್ತು, ಈಗ ಆ ನಂಬರಿಗೆ ಫೋನ್ ಮಾಡಿದ್ರೆ ಹಿಂದಿಯಲ್ಲಿ ಯಾರೋ ಮಾತಾಡ್ತಾರೆ. ಆನ್‌ಲೈನ್ ಬೇಡ ಅಂತ ಪೇಪರಲ್ಲೇ ಕೊಟ್ಟೆವು, ತಕರಾರೇ ಇಲ್ಲದೆ ಆಯ್ತು. ಪೇಪರಿನ ದಾರಿ ಮುಚ್ಚಲಿಲ್ಲ ಅಲ್ವಾ, ಅಷ್ಟು ಸಾಕು.

ಇನ್ನೊಂದು ಪ್ರಶ್ನೆ. ಆಧಾರ್ ಕೊಡಲೇಬೇಕಂತ ಉಂಟಾ? ಆಧಾರ್ ನಂಬರ್ ಕೊಡುವ ಫಾರ್ಮ್ 6ಬಿ ಅಂತ ಎಂತದ್ದೋ ಇತ್ತಲ್ಲ.

ಮೆಜೆಸ್ಟಿಕ್_ನಿತ್ಯಯಾತ್ರಿ:
ಕಡ್ಡಾಯ ಅಲ್ಲ. 2023ರಲ್ಲಿ ಆಯೋಗಾನೇ ಸುಪ್ರೀಂ ಕೋರ್ಟಲ್ಲಿ ಹಾಗೆ ಹೇಳಿದೆ. ಆದ್ರೆ ಆನ್‌ಲೈನಲ್ಲಿ ಇ-ಸೈನ್ ಮಾಡ್ಬೇಕು ಅಂದ್ರೆ ಆಧಾರ್ ಓಟಿಪಿ ಬೇಕು. ಕಡ್ಡಾಯ ಅಲ್ಲ, ಆದ್ರೆ ಇಲ್ದೆ ನಡಿಯಲ್ಲ. ನಮ್ಮ ದೇಶದ ಕ್ಲಾಸಿಕ್ಕು.

ಕಾಮನ್‌ಮ್ಯಾನ್_ಕೆಂಚ:
ಇದೆಲ್ಲಾ ಆ ಪಕ್ಷದೋರು ಮಾಡ್ಸಿದ್ದು ಎಲ್ರಿಗೂ ಗೊತ್ತು ಸುಮ್ನೆ ಯಾಕೆ ನಾಟಕ

ಜಾವಾ_ಜೋಗಯ್ಯ:
ಗೊತ್ತಿದ್ರೆ ಎಸ್‌ಐಟಿಗೆ ಹೋಗಿ ಹೇಳಿ ಸಾರ್, ಇಲ್ಲೇನು ಕೆಲಸ.

ನಿರ್ವಾಹಕ:
ಯಾವ ಪಕ್ಷ, ಮಹದೇವಪುರದಲ್ಲಿ ಏನಾಯ್ತು, ಯಾರು ಕಳ್ಳರು ಅನ್ನೋದಕ್ಕೆ ಬೇರೆ ಥ್ರೆಡ್ ಇದೆ, 400 ಕಮೆಂಟ್ ಆಗಿ ಬೀಗ ಬಿದ್ದಿದೆ. ಇಲ್ಲಿ ನೋಂದಣಿ ವಿಷ್ಯ ಮಾತ್ರ. ಕೆಂಚ ಅವ್ರೇ ನಿಮ್ಮ ಮುಂದಿನ ಮೂರು ಕಮೆಂಟ್ ತೆಗ್ದಿದೀನಿ.

ಹಲ್ಲಿಯಲ್ಲ_ಹಳ್ಳಿ:
ನನ್ನ ದೂರು ಬೇರೆ. ಯಾರೂ ಕನ್ನಡದ ಬಗ್ಗೆ ಮಾತಾಡ್ಲಿಲ್ಲ!

ಫಾರ್ಮಲ್ಲಿ ಇಂಗ್ಲಿಷಲ್ಲಿ ಹೆಸರು ಹೊಡೀರಿ, ಪಕ್ಕದ ಡಬ್ಬೀಲಿ ಕನ್ನಡ ತಾನಾಗೇ ಬರತ್ತೆ. ಆ ಮಿಷಿನ್ನಿಗೆ ಲ ಮತ್ತು ಳ ವ್ಯತ್ಯಾಸ ಗೊತ್ತಿಲ್ಲ, ನ ಮತ್ತು ಣ ಗೊತ್ತಿಲ್ಲ. ನಮ್ಮಮ್ಮ ಮಂಜುಳಾ, ಲಿಸ್ಟಲ್ಲಿ ಮಂಜುಲಾ. ಅಪ್ಪ ಶರಣಪ್ಪ ಹೋಗಿ ಶರನಪ್ಪ. ನಮ್ಮೂರು ಹಳ್ಳಿ ಅಂತ ಕೊನೆಯಾಗತ್ತೆ, ಅಡ್ರೆಸ್ಸಲ್ಲಿ "ಹಲ್ಲಿ" ಅಂತ ಪ್ರಿಂಟಾಗಿದೆ. ಇಡೀ ಮನೆಯೋರು ಹಲ್ಲೀಲಿ ವಾಸ ಮಾಡ್ತಿದೀವಿ. ಎಲ್ರೂ ನೆಕ್ಸ್ಟ್ ನೆಕ್ಸ್ಟ್ ಒತ್ಕೊಂಡು ಹೋಗ್ತಾರೆ ಯಾರೂ ಆ ಕನ್ನಡ ಡಬ್ಬಿ ಓದಲ್ಲ, ಅದನ್ನ ಕೈಯಾರೆ ತಿದ್ದಕ್ಕೆ ಬರತ್ತೆ, ತಿದ್ದಲ್ಲ. ಆಮೇಲೆ ಲಿಸ್ಟಲ್ಲಿ ಕನ್ನಡದಲ್ಲಿ ಹುಡುಕಿದ್ರೆ ಸಿಗಲ್ಲ, ಬೂತಲ್ಲಿ ಏಜೆಂಟು "ಮಂಜುಳಾ ಅಂತ ಯಾರೂ ಇಲ್ವಲ್ಲಮ್ಮ" ಅಂತಾನೆ. ನಮ್ಮಮ್ಮ ಅವತ್ತು ವಾಪಸ್ ಬಂದ್ಬಿಟ್ಟಿದ್ರು, ನಾನು ಪಾರ್ಟ್ ನಂಬರ್, ಸೀರಿಯಲ್ ನಂಬರ್ ಬರ್ಕೊಟ್ಟು ಮತ್ತೆ ಕಳಿಸ್ದೆ.

ಪುಟಾಣಿಗಳ_ಟೀಚರ್:
ನೂರಕ್ಕೆ ನೂರು ನಿಜ. ನನಗೆ ಬರೋ ತಿದ್ದುಪಡಿ ಅರ್ಜಿಲಿ ಮುಕ್ಕಾಲು ಪಾಲು ಇದೇ. ಒಬ್ಬರ ಅಪ್ಪನ ಹೆಸರು ಬಾಳಪ್ಪ, "ಬಲಪ್ಪ" ಅಂತ ಬಂದಿತ್ತು. ಬಲ ಇದೆಯಲ್ಲ ಬಿಡಿ ಅಂದ್ರು ಅವ್ರು.

ಮಿರ್ಚಿಬಜ್ಜಿ:
ನಮ್ಮ ಫ್ರೆಂಡು ಬಸವರಾಜ "ಬಸವರಾಜಾ" ಆಗಿದಾನೆ, ದೀರ್ಘ ಫ್ರೀ

ದುಬೈ_ನೀರುದೋಸೆ:
ನಾವು ಹೊರಗಿರೋರ ಕಷ್ಟಾನೂ ಸ್ವಲ್ಪ ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ಫಾರ್ಮ್ 6ಎ ಆನ್‌ಲೈನಲ್ಲಿ ಹಾಕಬಹುದು, ಪಾಸ್‌ಪೋರ್ಟಲ್ಲಿ ಊರಿನ ಯಾವ ವಿಳಾಸ ಉಂಟೋ ಆ ಕ್ಷೇತ್ರದಲ್ಲಿ ಹೆಸರು ಬರ್ತದೆ. 2010ರ ತಿದ್ದುಪಡಿಯಿಂದ ಬಂದ ಸೌಲಭ್ಯ. ನಾನು ಇಲ್ಲಿ ರೂಮಲ್ಲಿ ಕೂತು ಹತ್ತು ನಿಮಿಷದಲ್ಲಿ ತುಂಬಿಸಿದೆ, ಊರಲ್ಲಿ ಮನೆಗೆ ಹೋಗಿ ವಿಚಾರಿಸಿದ್ರು, ಅಪ್ಪ ಹೌದು ಅಂದ್ರು, ಹೆಸರು ಬಂತು. ಇಷ್ಟೆಲ್ಲ ಆದ ಮೇಲೆ ಓಟು ಹಾಕಬೇಕಾದ್ರೆ? ಪಾಸ್‌ಪೋರ್ಟ್ ಹಿಡ್ಕೊಂಡು ಊರಿಗೇ ಬರಬೇಕು! ನೋಂದಣಿ ಆನ್‌ಲೈನ್, ಓಟು ವಿಮಾನದಲ್ಲಿ. ಟಿಕೆಟ್ ರೇಟು ಎಲೆಕ್ಷನ್ ಟೈಮಲ್ಲಿ ಕೇಳಬೇಡಿ.

ಕಾಫಿತೋಟದ_ಕಾವಲು:
ನಮ್ಮ ಕೊಡಗಲ್ಲಿ ಮಿಲಿಟರಿ ಹುಡುಗರು ಮನೆಮನೆಗೂ ಇದಾರೆ, ಅವರಿಗೆ ಬ್ಯಾಲೆಟ್ ಆನ್‌ಲೈನಲ್ಲೇ ಬರತ್ತೆ, ಪ್ರಿಂಟ್ ತೆಗ್ದು ಮಾರ್ಕ್ ಮಾಡಿ ಪೋಸ್ಟಲ್ಲಿ ಕಳಿಸ್ತಾರೆ. ನಿಮಗೂ ಹಾಗೇ ಮಾಡ್ಬೋದಿತ್ತು.

ದುಬೈ_ನೀರುದೋಸೆ:
ಎಷ್ಟು ವರ್ಷದಿಂದ ಮಾಡ್ತೇವೆ ಮಾಡ್ತೇವೆ ಅಂತಿದ್ದಾರೆ. ನನ್ನ ಮಗನಿಗೆ ಓಟಿನ ವಯಸ್ಸು ಬಂತು ಅಷ್ಟರಲ್ಲಿ.

ಡಿಗ್ರಿ_ಇದೆ_ಕೆಲ್ಸಾ_ಇಲ್ಲ:
ಸ್ವಲ್ಪ ಆಫ್ ಟಾಪಿಕ್ಕು. ಪದವೀಧರ ಕ್ಷೇತ್ರದ ಎಂಎಲ್‌ಸಿ ಓಟಿಗೆ ನಾನು ಕಳೆದ ಸಲಾನೇ ಹೆಸರು ಸೇರಿಸಿದ್ದೆ, ಈಗ ಮತ್ತೆ ಸೇರಿಸಿ ಅಂತಿದಾರೆ. ಯಾಕೆ?

ಮೆಜೆಸ್ಟಿಕ್_ನಿತ್ಯಯಾತ್ರಿ:
ಆ ಲಿಸ್ಟು ಪ್ರತಿ ಸಲಾನೂ ಹೊಸದಾಗೇ ಮಾಡ್ತಾರೆ, ಹಳೇದು ನಡಿಯಲ್ಲ. ಫಾರ್ಮ್ 18. ನವೆಂಬರ್ 1ಕ್ಕೆ ಡಿಗ್ರಿ ಮುಗಿದು ಮೂರು ವರ್ಷ ಆಗಿರ್ಬೇಕು, ಸರ್ಟಿಫಿಕೇಟ್ ಅಟೆಸ್ಟ್ ಮಾಡ್ಸಿ ಕೊಡ್ಬೇಕು. ಮಾಮೂಲಿ ಓಟರ್ ಲಿಸ್ಟಿಗೂ ಇದಕ್ಕೂ ಸಂಬಂಧ ಬೆರೆಸ್ಬೇಡಿ.

ಡಿಗ್ರಿ_ಇದೆ_ಕೆಲ್ಸಾ_ಇಲ್ಲ:
ಓದಿರೋರಿಗೇ ಜಾಸ್ತಿ ಪೇಪರ್ ಕೆಲಸ, ಓಕೆ.

ಬನಶಂಕರಿ_ಬಾಗಿಲು:
ಫೋನ್ ಎತ್ತಿ, ಬಾಗಿಲು ತೆಗೀರಿ ಅಂತ ಎಲ್ಲಾ ಹೇಳ್ತಿದೀರಿ. ನಾನು ಬಾಗಿಲು ತೆಗಿಯಕ್ಕೆ ಯಾಕೆ ಹೆದರ್ತೀನಿ ಅಂತ ಹೇಳ್ತೀನಿ. 2022ರಲ್ಲಿ ಬೆಂಗಳೂರಲ್ಲಿ ಓಟರ್ ಜಾಗೃತಿ ಅಂತ ಮನೆಮನೆಗೆ ಬಂದು, ಬಿಎಲ್‌ಒ ಅಂತ ಹೇಳ್ಕೊಂಡು, ಜಾತಿ, ಉದ್ಯೋಗ, ಫೋನ್ ನಂಬರ್ ಎಲ್ಲಾ ಬರ್ಕೊಂಡು ಹೋದ್ರು ಅಂತ ದೊಡ್ಡ ಗಲಾಟೆ ಆಯ್ತಲ್ಲ, ನೆನಪಿದ್ಯಾ? ಕೇಸಾಯ್ತು, ಅಧಿಕಾರಿಗಳು ಸಸ್ಪೆಂಡ್ ಆದ್ರು. ಅದಾದ್ಮೇಲೆ ನಾನು ಆನ್‌ಲೈನೇ ವಾಸಿ ಅಂತ ತೀರ್ಮಾನ ಮಾಡ್ಕೊಂಡಿದ್ದು, ನನ್ನ ಮಾಹಿತಿ ನೇರ ಆಯೋಗಕ್ಕೆ ಹೋಗ್ಲಿ, ಮಧ್ಯ ಯಾರೂ ಬೇಡ ಅಂತ. ಬರೋ ಮನುಷ್ಯ ಅಸಲೀನೋ ನಕಲೀನೋ ಹೇಗೆ ಗೊತ್ತಾಗ್ಬೇಕು?

ಪುಟಾಣಿಗಳ_ಟೀಚರ್:
ಕೇಳ್ಬೇಕಾದ ಪ್ರಶ್ನೆನೇ. ನಿಮ್ಮ ಬೂತಿನ ಬಿಎಲ್‌ಒ ಹೆಸರು ನಂಬರ್ ವೆಬ್‌ಸೈಟಲ್ಲೇ ಸಿಗತ್ತೆ, ಎಪಿಕ್ ನಂಬರ್ ಹಾಕಿ ಹುಡುಕಿದ್ರೆ ಬರತ್ತೆ. ಅದನ್ನ ಮೊದ್ಲೇ ಸೇವ್ ಮಾಡ್ಕೊಳಿ. ಅನುಮಾನ ಇದ್ರೆ 1950ಕ್ಕೆ ಫೋನ್ ಮಾಡಿ. ಮತ್ತೆ ನಾವು ಜಾತಿ ಕೇಳಲ್ಲ, ಸಂಬಳ ಕೇಳಲ್ಲ, ಯಾರಿಗೆ ಓಟು ಹಾಕ್ತೀರ ಅಂತ ಕೇಳಲ್ಲ. ಅದನ್ನ ಕೇಳಿದ್ರೆ ಬಾಗಿಲು ಹಾಕ್ಬಿಡಿ.

ಪಿಜಿ_ಪಕ್ಷಿ:
ಆನ್‌ಲೈನ್ ಅಂದ್ರೆ ಮಧ್ಯ ಯಾರೂ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ನಮ್ಮೂರಲ್ಲಿ ಅರ್ಧ ಜನ ಆನ್‌ಲೈನ್ ಅಂದ್ರೆ ಸೈಬರ್ ಅಂಗಡಿ. ಅಲ್ಲಿ ಹುಡುಗ 100 ರೂಪಾಯಿ ತಗೊಂಡು ಅವನದ್ದೇ ನಂಬರ್ ಹಾಕಿ ಲಾಗಿನ್ ಮಾಡಿ ಎಲ್ರದ್ದೂ ಹಾಕ್ತಿದ್ದ. ಫ್ರೀ ಸೇವೆ ಅದು. ಆಮೇಲೆ ಇ-ಎಪಿಕ್ ಡೌನ್‌ಲೋಡ್ ಮಾಡಣ ಅಂದ್ರೆ ಓಟಿಪಿ ಅವನ ಫೋನಿಗೆ ಹೋಗತ್ತೆ, ಅವನು ಅಂಗಡಿ ಮುಚ್ಚಿ ಬೆಂಗಳೂರಿಗೆ ಬಂದಿದಾನೆ.

ಮಿರ್ಚಿಬಜ್ಜಿ:
ಅವನ ಓಟು ಎಲ್ಲಿದೆ ಕೇಳಿ

ಚಾಮುಂಡಿಬೆಟ್ಟದ_ಮೆಟ್ಟಿಲು:
ಮನೇಲಿ ವಯಸ್ಸಾದೋರಿದ್ರೆ ಇದನ್ನೂ ನೋಡ್ಕೊಳಿ: 2023ರಲ್ಲಿ ನಮ್ಮ ರಾಜ್ಯದ ಅಸೆಂಬ್ಲಿ ಎಲೆಕ್ಷನ್ನಲ್ಲಿ 80 ದಾಟಿದೋರಿಗೆ ಮನೆಯಿಂದ್ಲೇ ಓಟು ಇತ್ತು, ನಮ್ಮ ಮಾವ ಹಾಕಿದ್ರು, ಇಡೀ ತಂಡಾನೇ ಬಂದಿತ್ತು, ಅವರಿಗೆ ಕಾಫಿ ಕೊಡ್ಲೇಬೇಕು ಅಂತ ಹಟ, ಅವ್ರು ಕುಡಿಯಂಗಿಲ್ಲ ಅಂತ ಹಟ. 2024ಕ್ಕೆ ವಯಸ್ಸು 85ಕ್ಕೆ ಏರಿಸ್ಬಿಟ್ರು, ಮಾವಂಗೆ 83. "ಹೋದ ವರ್ಷ ಮುದುಕ, ಈ ವರ್ಷ ಯುವಕ ಆಗ್ಬಿಟ್ನಲ್ಲೋ" ಅಂತ ವೀಲ್‌ಚೇರಲ್ಲಿ ಬೂತಿಗೆ ಹೋದ್ರು.

ಜಾವಾ_ಜೋಗಯ್ಯ:
ಓಪಿಗೆ (ಥ್ರೆಡ್ ಶುರು ಮಾಡಿದೋರಿಗೆ) ಇನ್ನೊಂದು ಮಾತು. ಯಾವ್ದೇ ದಾರಿ ಹಿಡೀರಿ, ಎಲೆಕ್ಷನ್ ಘೋಷಣೆ ಆದ್ಮೇಲೆ ನೋಡೋಣ ಅಂತ ಕೂರ್ಬೇಡಿ. ನಾಮಪತ್ರದ ಕೊನೇ ದಿನಕ್ಕೆ ಹತ್ತು ದಿನ ಮುಂಚೆ ಬಂದ ಅರ್ಜಿ ಮಾತ್ರ ಆ ಎಲೆಕ್ಷನ್ನಿಗೆ ಲೆಕ್ಕಕ್ಕೆ. ಆ ಕೊನೇ ವಾರ ಸೈಟೂ ಕುಂಟತ್ತೆ, ಬಿಎಲ್‌ಒಗಳೂ ಸಾಯ್ತಿರ್ತಾರೆ. ಬೆಂಗಳೂರಲ್ಲಿ ಕಾರ್ಪೊರೇಷನ್ ಎಲೆಕ್ಷನ್ ಆಗಿದ್ದು 2015ರಲ್ಲಿ, ಆ ಅವಧಿ ಮುಗಿದಿದ್ದು 2020ರಲ್ಲಿ. ಈಗ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಅಂತ ಮಾಡಿ ಅದರಡಿ ಐದು ಪಾಲಿಕೆ ಮಾಡಿದಾರೆ. ಅದನ್ನ ನಡೆಸೋದು ರಾಜ್ಯ ಚುನಾವಣಾ ಆಯೋಗ, ಬೇರೆ ಸಂಸ್ಥೆ, ಆದ್ರೆ ಲಿಸ್ಟಿಗೆ ಬುನಾದಿ ಈ ಅಸೆಂಬ್ಲಿ ಲಿಸ್ಟೇ. ಚರಂಡಿ, ಕಸ, ಗುಂಡಿ ಬಗ್ಗೆ ಬೈಯೋ ಹಕ್ಕು ಬೇಕು ಅಂದ್ರೆ ಓಟು ಇಲ್ಲಿರ್ಲಿ.

ಮಿರ್ಚಿಬಜ್ಜಿ:
ಬೈಯಕ್ಕೆ ಓಟು ಬೇಕಾ? ನಾನು ಫ್ರೀಯಾಗೇ ಬೈತೀನಿ

ತೊಗರಿಬ್ಯಾಳಿ:
ಹೆಸರು ಸೇರಿಸ್ಕೊಂಡು ಮರ್ತುಬಿಡಬ್ಯಾಡ್ರಿ ಅಷ್ಟ. ಆಗಾಗ ನೋಡ್ಕೋತ ಇರ್ರಿ. ನಮ್ಮೂರ ಮಂದಿ ಈಗ ಸಂತಿಗೆ ಹೋದ್ರೂ ಲಿಸ್ಟ್‌ನಾಗ ಅದೀನೇನೋ ತಮ್ಮಾ ನೋಡಂತಾರ.

ಕೊಬ್ಬರಿಮಿಠಾಯಿ:
ಅಪ್ಡೇಟ್ ಕೊಡ್ತೀನಿ. ಎರಡು ವಾರ ಆಯ್ತು. ಬ್ಲಾಕ್ ತೆಗ್ದು ಆ ನಂಬರಿಗೆ ಫೋನ್ ಮಾಡ್ದೆ, ನಮ್ಮ ಬಿಎಲ್‌ಒ ಅವ್ರೇ. ಮೊದ್ಲು ಸ್ವಲ್ಪ ಬೈದ್ರು, ಆಮೇಲೆ ಭಾನುವಾರ ಪಕ್ಕದ ಸರ್ಕಾರಿ ಸ್ಕೂಲಿಗೆ ಬನ್ನಿ ಅಂದ್ರು. ಬ್ಯಾಂಕಲ್ಲಿ ಅಡ್ರೆಸ್ ಚೇಂಜ್ ಮಾಡ್ಸಿ ಪಾಸ್‌ಬುಕ್ ತಗೊಂಡಿದ್ದೆ. ಪೇಪರಲ್ಲಿ ಕೊಡ್ಲಾ ಅಂದ್ರೆ "ನೀವು ಆನ್‌ಲೈನಲ್ಲೇ ಹಾಕಿ, ಇಲ್ಲಾಂದ್ರೆ ಅದನ್ನ ನಾನೇ ಕೂತು ಟೈಪ್ ಮಾಡ್ಬೇಕು" ಅಂದ್ರು. ಅಲ್ಲೇ ಬೆಂಚ್ ಮೇಲೆ ಕೂತು ಫಾರ್ಮ್ 8 ಹಾಕ್ದೆ, ಮನೆ ನಂಬರ್ ಹಾಕಿ, ಗಣೇಶನ ಗುಡಿ ತೆಗ್ದು. ಕನ್ನಡ ಡಬ್ಬೀಲಿ ನಮ್ಮಪ್ಪನ ಹೆಸರೂ ತಪ್ಪು ಬಂದಿತ್ತು, ತಿದ್ದಿದೆ, ಹಲ್ಲಿಯವ್ರಿಗೆ ಥ್ಯಾಂಕ್ಸ್. ಬುಧವಾರ ಅವ್ರು ಮನೆಗೆ ಬಂದು ನೋಡ್ಕೊಂಡು ಹೋದ್ರು. ಸ್ಟೇಟಸ್ಸು ಫೀಲ್ಡ್ ವೆರಿಫೈಡ್ ಅಂತ ಇದೆ. ತಂಗೀದೂ ಊರಿನ ವಿಳಾಸಕ್ಕೆ ಹಾಕಿದಾಯ್ತು.

ಪುಟಾಣಿಗಳ_ಟೀಚರ್:
ಕಾಫಿ ಕೊಟ್ರಾ ಅವರಿಗೆ?

ಕೊಬ್ಬರಿಮಿಠಾಯಿ:
ಮಜ್ಜಿಗೆ ಕೊಟ್ಟೆ ಮೇಡಂ. ಎರಡು ಲೋಟ.

ಮಿರ್ಚಿಬಜ್ಜಿ:
ಅದೆಲ್ಲಾ ಇರ್ಲಿ, ಊರಲ್ಲಿ ಅಮ್ಮಂಗೆ ಹೇಳಿದ್ರಾ ಓಟು ತಗೊಂಡ್ಹೋಗ್ತಿದೀನಿ ಅಂತ?

ಕೊಬ್ಬರಿಮಿಠಾಯಿ:
ಇನ್ನೂ ಇಲ್ಲ. ಊರಿನ ಬಿಎಲ್‌ಒ ನಮ್ಮ ದೊಡ್ಡಮ್ಮನ ಸೊಸೆ. ಲಿಸ್ಟಿಂದ ನನ್ನ ಹೆಸರು ಹೋಗೋದು ಅವಳಿಗೇ ಮೊದ್ಲು ಗೊತ್ತಾಗೋದು. ಇವತ್ತು ಬೆಳಿಗ್ಗೆಯಿಂದ ಅಮ್ಮಂದು ಎರಡು ಮಿಸ್ಡ್ ಕಾಲ್ ಇದೆ.